ಬಿಳಲು ಬೇರಾಗುವ ಬಗೆ

ಆಲದ ಮರದ ಕೊಂಬೆಯಿಂದ ಇಳಿಬಿದ್ದ ಬಿಳಲು ಮೊದಮೊದಲು ತಾಯಿಮರದ ಸತ್ತ್ವವನ್ನೇ ಉಂಡು ಬೆಳೆಯುತ್ತದೆ. ನೆಲವನ್ನು ಮುಟ್ಟಿ ಬೇರೂರಿತೆಂದರೆ ಅದೇ ಮರಕ್ಕೆ ಆಧಾರವಾಗುತ್ತದೆ. ಬಹುರಾಷ್ಟ್ರೀಯ ಕಂಪನಿಗಳಿಗೂ ಪರದೇಶಗಳಲ್ಲಿರುವ ಅವುಗಳ ಅಂಗಸಂಸ್ಥೆಗಳಿಗೂ ಇರುವ ಸಂಬಂಧ ಇಂತಹುದೇ.

ಹೊಸ ವಸ್ತುವನ್ನು ಕಲ್ಪಿಸುವುದು ಸ್ವದೇಶದ ಕೇಂದ್ರ ಕಚೇರಿಯ ಕೆಲಸ. ಅದನ್ನು ತಯಾರಿಸಿ ಮಾರುವುದಷ್ಟೇ ಅಂಗಸಂಸ್ಥೆಯ ಕೆಲಸ ಎಂಬ ಭಾವನೆ ಬಹುಕಾಲ ಬಲವಾಗಿತ್ತು. ಇದನ್ನು ಅಲುಗಿಸಿದ ನಿದರ್ಶನವೊಂದು ನಮ್ಮ ಬೆಂಗಳೂರಿನಲ್ಲಿಯೇ ದೊರೆಯುತ್ತದೆ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯು 2000ದಲ್ಲಿ ಬೆಂಗಳೂರಿನಲ್ಲಿ ಸಂಶೋಧನ ಕೇಂದ್ರವೊಂದನ್ನು ತೆರೆಯಿತು. ಆ ಕಂಪನಿಯ ಇ.ಸಿ.ಜಿ. ಯಂತ್ರಗಳು, ಎಂದರೆ ಹೃದಯದ ವಿದ್ಯುತ್ ಸ್ಪಂದನವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರಗಳು, ದೊಡ್ಡ ಆಸ್ಪತ್ರೆಗಳಿಗೆ ತಕ್ಕವಾಗಿದ್ದವು. ಬೆಲೆಯೂ ಹೆಚ್ಚು, ಭಾರವೂ ಹೆಚ್ಚು. ವಿದ್ಯುತ್ತು ಆಗಾಗ ಕೈಕೊಡುವ ಹಳ್ಳಿಯ ವೈದ್ಯರಿಗೆ ಅವುಗಳಿಂದೇನು ಪ್ರಯೋಜನ? ಈ ಕೊರತೆಯನ್ನು ಬಲ್ಲ ಬೆಂಗಳೂರಿನ ಎಂಜಿನಿಯರುಗಳು ಬ್ಯಾಟರಿಯಿಂದ ನಡೆಯುವ, ಕೈಯಲ್ಲಿ ಹಿಡಿದೊಯ್ಯಬಹುದಾದ ‘ಮ್ಯಾಕ್ 400’ ಎಂಬ ಯಂತ್ರವನ್ನು ರೂಪಿಸಿದರು. ಹೊಸದೊಂದು ಮುದ್ರಣಯಂತ್ರವನ್ನು ಕಲ್ಪಿಸುವ ಬದಲು, ಬಸ್ಸಿನ ಟಿಕೇಟು ಮುದ್ರಿಸುವಂತಹ ಚಿಕ್ಕ ಯಂತ್ರವನ್ನೇ ಅದಕ್ಕೆ ಅಳವಡಿಸಿದರು. ಬೆಲೆ ಸುಮಾರು 1,000 ಡಾಲರಿಗೆ ಇಳಿಯಿತು.

ಇದೇ ಕಂಪನಿಯ ಚೀನಾ ಶಾಖೆ, ಅಲ್ಲಿನ ಗ್ರಾಮಗಳಿಗಾಗಿ ಸುಲಭ ಬೆಲೆಯ ಅಲ್ಟ್ರಾಸೌಂಡ್ ಯಂತ್ರವನ್ನು ಸಿದ್ಧಪಡಿಸಿತು. 2007ರ ವೇಳೆಗೆ ಅದರ ಬೆಲೆ 15,000 ಡಾಲರಿಗೆ ಬಂದಿತ್ತು. ವಿಶೇಷವೆಂದರೆ, ಬಡ ಗ್ರಾಮಗಳಿಗೆಂದು ಹುಟ್ಟಿದ ಈ ಎರಡು ಬಗೆಯ ಯಂತ್ರಗಳೂ 2009ರ ಹೊತ್ತಿಗೆ ಅಮೆರಿಕದಲ್ಲಿಯೇ ಮಾರಾಟವಾಗುತ್ತಿದ್ದವು!

ಇದರಿಂದ ಎರಡು ಸಂಗತಿಗಳನ್ನು ಮನಗಾಣಬಹುದು. ಯಂತ್ರದ ನಕ್ಷೆಯನ್ನು ಸಮುದ್ರದಾಚೆ ಕಳುಹಿಸಬಹುದು. ಒಂದು ನೆಲದ ಅಗತ್ಯದ ಅರಿವನ್ನು ಹಾಗೆ ತರಿಸಿಕೊಳ್ಳಲಾಗದು. ಅದು ಅಲ್ಲಿ ಬಾಳುವವರಿಗೆ ಸಹಜವಾಗಿ ಬರುವಂತಹುದು. ಎರಡನೆಯದಾಗಿ, ಆ ಅರಿವು ಫಲಿಸಬೇಕಾದರೆ ಅಂಗಸಂಸ್ಥೆಗೆ ಹಣದ ಜೊತೆಗೆ ನಿರ್ಧಾರದ ಸ್ವಾತಂತ್ರ್ಯವೂ ಬೇಕು. ಅದರ ಮಾತನ್ನು ಕೇಳುವ ಮನಸ್ಸು ಮಾತೃಸಂಸ್ಥೆಗೂ ಇರಬೇಕು.

ಆದರೆ ಹೀಗೆ ಹುಟ್ಟಿದ ವಸ್ತುವಿನ ಹಕ್ಕೂ ಲಾಭವೂ ಸಾಮಾನ್ಯವಾಗಿ ಮಾತೃಸಂಸ್ಥೆಗೇ ಸಲ್ಲುತ್ತವೆ ಎಂಬುದನ್ನು ಮರೆಯುವಂತಿಲ್ಲ. ನಮ್ಮಲ್ಲಿ ಉಳಿಯುವುದು ಕೆಲಸ ಮಾಡಿದವರ ಕೈಗೆ ಹತ್ತಿದ ಕುಶಲತೆ, ‘ನಮ್ಮಿಂದಲೂ ಆದೀತು’ ಎಂಬ ನಂಬಿಕೆ. ಆ ಬಂಡವಾಳದಿಂದ ನಮ್ಮದೇ ಮರಗಳನ್ನು ಬೆಳೆಸುವೆವೋ, ಪರರ ಮರಕ್ಕೆ ಬಿಳಲಾಗಿಯೇ ಉಳಿಯುವೆವೋ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಇಂದು ಕಾಲೇಜುಗಳಲ್ಲಿ ಓದುತ್ತಿರುವ ನಾವೇ ಅಲ್ಲವೆ?