ಬಾಳೂರಿನ ಮಳೆಗೆ ಮೂರು ಪುಸ್ತಕ

ಜುಲೈನಲ್ಲಿ ಬಾಳೂರಲ್ಲಿ ಕರೆಂಟ್ ಇದ್ರೆ ನೆಟ್‌ವರ್ಕ್ ಇರಲ್ಲ. ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದವನಿಗೆ ಪುಸ್ತಕವೇ ಗತಿ. ಈ ಸಲ ಪೂರ್ತಿ ನಮ್ಮ ಮೂಡಿಗೆರೆಯ ತೇಜಸ್ವಿ. ‘ಪರಿಸರದ ಕತೆ’ ಎರಡೇ ದಿನಕ್ಕೆ ಮುಗೀತು. ರಾಜೇಶ್ವರಿಯವರ ‘ನನ್ನ ತೇಜಸ್ವಿ’ ಅರ್ಧ ಆಗಿದೆ.

1980ರ ‘ಕರ್ವಾಲೊ’ ಮಾತ್ರ ಮೂರನೇ ಓದು. ಕಾಲೇಜಲ್ಲಿ ನಗೋಕೆ ಅಂತ ಓದಿದ್ದೆ. ಈಗ ಮಂದಣ್ಣನ ಹತ್ರ ಬಂದಾಗೆಲ್ಲ ನಿಂತುಬಿಡ್ತೀನಿ. ಊರವರ ಕಣ್ಣಿಗೆ ಉಂಡಾಡಿ, ವಿಜ್ಞಾನಿ ಕರ್ವಾಲೊಗೆ ಹಾರುವ ಓತಿ ಕಂಡ ಅಪರೂಪದ ಮನುಷ್ಯ.

ನಮ್ಮಪ್ಪ ಓದಿದ್ದು ಏಳನೇ ಕ್ಲಾಸು. ಕಾಫಿ ತೋಟದಲ್ಲಿ ಕೂಗು ಕೇಳಿಯೇ ಯಾವ ಹಕ್ಕಿ ಅಂತ ಹೇಳ್ತಾರೆ. ಈಚೆಗೆ ಕಿವಿ ಮಂದ ಆಗ್ತಿದೆ. ಹಾಗಾಗಿ ಪುಸ್ತಕ ಪಕ್ಕಕ್ಕಿಟ್ಟು, ದಿನಾ ಸಂಜೆ ಅವರನ್ನ ಕೇಳಿ ಹೆಸರು ಬರ್ಕೊಳ್ತಿದೀನಿ. ನಿನ್ನೆಗೆ 41 ಆಯ್ತು.

ಕೊಟ್ಟಿಗೆಹಾರದ ತೇಜಸ್ವಿ ಪ್ರತಿಷ್ಠಾನಕ್ಕೂ ಅಪ್ಪನ್ನ ಕರ್ಕೊಂಡು ಹೋಗೋದಿದೆ. ಮಳೆ ಸ್ವಲ್ಪ ಬಿಡ್ಲಿ.