ಬಾವಿ ಇರುವುದು ಕಾಡಿನ ಹೊರಗೆ

ತಿನ್‌ಸುಕಿಯಾ ಪೇಟೆ ದಾಟಿ ಗುಯ್‌ಜಾನ್ ಘಾಟಿನ ಕಡೆ ಹೊರಟರೆ ಮೊದಲು ಚಹಾ ತೋಟ, ಅದರ ಬೆನ್ನಿಗೇ ಅಡಿಕೆ ಮರ. ಮಲೆನಾಡಿನವರಿಗೆ ಊರಿಗೇ ಬಂದ ಹಾಗನ್ನಿಸೀತು. ಇಲ್ಲಿ ಮಾತ್ರ ಅಡಿಕೆಯನ್ನು ಹಸಿಯಾಗಿಯೇ ತಿನ್ನುತ್ತಾರೆ, ಹೊಸಬರಿಗೆ ಬೆವರಿಳಿಯುತ್ತದೆ. ಕತ್ತಲಾದ ಮೇಲೆ ತೋಟಗಳಾಚೆ ಅಲ್ಲಲ್ಲಿ ಅನಿಲ ಉರಿಯುವುದು ಕಾಣುತ್ತದೆ. ಮೇಲಣ ಅಸ್ಸಾಮಿಗೆ ಎಣ್ಣೆ ಹೊಸತಲ್ಲ: ದಿಗ್‌ಬೋಯಿಯಲ್ಲಿ 1889ರಲ್ಲೇ ಬಾವಿ ಕೊರೆಯುತ್ತಿದ್ದರು, 1901ರಲ್ಲಿ ಸಂಸ್ಕರಣಾಗಾರವೂ ಬಂತು.

ಘಾಟಿನ ಪಕ್ಕದಲ್ಲೇ ಮಾಗುರಿ-ಮೋಟಾಪುಂಗ್ ಬೀಲ್. ಬೀಲ್ ಅಂದರೆ ಜೌಗು ಕೆರೆ. ದೋಣಿಯಲ್ಲಿ ಕೂತರೆ ಎಲ್ಲಿ ಕೆರೆ ಮುಗಿದು ಎಲ್ಲಿ ದಿಬ್ರೂ ನದಿ ಶುರುವಾಯಿತೆಂದು ಹೇಳುವುದು ಕಷ್ಟ. ನೆರೆ ಬಂದಾಗಲಂತೂ ಎಲ್ಲವೂ ಒಂದೇ ನೀರು, ಬ್ರಹ್ಮಪುತ್ರದ ನೀರು. ನದಿಯಾಚೆ ದಿಬ್ರೂ-ಸೈಖೋವಾ ರಾಷ್ಟ್ರೀಯ ಉದ್ಯಾನ: 340 ಚದರ ಕಿಲೋಮೀಟರು, ಜೊಂಡು, ಹುಲ್ಲುಗಾವಲು, ಜೌಗುಕಾಡು. ಅಲ್ಲಿ ಕಾಡು ಬಿದ್ದ ಕುದುರೆಗಳಿವೆ. ಎರಡನೇ ಮಹಾಯುದ್ಧದ ಸೇನಾ ಕುದುರೆಗಳ ಸಂತತಿ ಎನ್ನುತ್ತಾರೆ. ಗದಗದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಈ ಕಡೆಗೂ ಬರುತ್ತದೆ.

ಬೀಲಿನ ಇನ್ನೊಂದು ಮಗ್ಗುಲಿಗೆ ಎಣ್ಣೆ ತೆಗೆಯುವ ಊರು ಬಾಘ್‌ಜಾನ್. ಬೇಲಿ, ಕೊಳವೆ, ಟ್ಯಾಂಕು, ಕಾವಲುಗಾರ. ಅದರ ಸುತ್ತ ಎರಡು ಮೂರು ಬಿಘಾ ಚಹಾ, ಒಂದಿಷ್ಟು ಅಡಿಕೆ, ಮೀನು ಹಿಡಿಯುವ ಮನೆಗಳು. ಆಯಿಲ್ ಇಂಡಿಯಾದ ಐದನೇ ನಂಬರಿನ ಬಾವಿ ಉದ್ಯಾನದ ಗಡಿಯಿಂದ ಒಂದು ಕಿಲೋಮೀಟರೂ ದೂರವಿಲ್ಲ. 2020ರ ಮೇ 27ರಂದು ದುರಸ್ತಿ ನಡೆಯುತ್ತಿದ್ದಾಗ ಅದು ಸಿಡಿಯಿತು. ಬಾವಿಯ ಬಾಯಿಗೆ ಕೂರಿಸುವ ಸ್ಫೋಟ ತಡೆಯುವ ಕವಾಟವನ್ನು, ಬದಲಿ ತಡೆಯನ್ನು ಪರೀಕ್ಷಿಸಿ ಖಚಿತಪಡಿಸಿಕೊಳ್ಳದೆಯೇ ತೆಗೆದಿದ್ದರೆಂದು ಹಸಿರು ನ್ಯಾಯಮಂಡಳಿ ನೇಮಿಸಿದ ಸಮಿತಿ ಹೇಳಿತು. ಅನಿಲ, ಎಣ್ಣೆಯ ತುಂತುರು ಚಹಾ ಎಲೆಯ ಮೇಲೆ, ನೀರಿನ ಮೇಲೆ ಕೂತವು. ಜೂನ್ 9ರಂದು ಬೆಂಕಿ ಹತ್ತಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಸಾವಿರಾರು ಜನ ಕೊರೋನಾ ಕಾಲದಲ್ಲಿ, ಮಳೆಯಲ್ಲಿ, ಪರಿಹಾರ ಶಿಬಿರಗಳಲ್ಲಿ ಒತ್ತೊತ್ತಾಗಿ ಮಲಗಿದರು. ಸಿಂಗಪುರದ ತಜ್ಞರನ್ನು ಕರೆಸಿಯೂ ಬಾವಿ ಪೂರ್ತಿ ಹತೋಟಿಗೆ ಬಂದದ್ದು ನವೆಂಬರ್ 15ಕ್ಕೆ. ಐದೂವರೆ ತಿಂಗಳು!

ಮರುವರ್ಷ ಫೆಬ್ರವರಿಯಲ್ಲಿ ಇದೇ ಬೀಲಿನಲ್ಲಿ ಮ್ಯಾಂಡರಿನ್ ಬಾತು ಕಾಣಿಸಿಕೊಂಡಿತು. ಅಸ್ಸಾಮಿನಲ್ಲಿ ನೂರು ವರ್ಷಗಳಿಂದ ಕಾಣದ ಹಕ್ಕಿ. ಅದನ್ನು ಚೇತರಿಕೆಯ ಪ್ರಮಾಣಪತ್ರ ಮಾಡಿಕೊಳ್ಳುವ ಆಸೆ ಯಾರಿಗಾದರೂ ಆದೀತು. ದಾರಿ ತಪ್ಪಿ ಬಂದ ಒಂದು ಬಾತಿನಿಂದ ಕೆರೆಯ ತಳದ ಕೆಸರಿನ ಲೆಕ್ಕ ಸಿಗುವುದಿಲ್ಲ.

ಇಲ್ಲಿನವರನ್ನು ಎಣ್ಣೆಯ ವಿರೋಧಿಗಳೆಂದು ತಿಳಿದರೆ ತಪ್ಪು. ಕಂಪನಿಯ ಕೆಲಸ ಎಂದರೆ ತಿಂಗಳಿಗೆ ಸರಿಯಾಗಿ ಬರುವ ಸಂಬಳ. ಮೀನು, ಚಹಾ ಎರಡೂ ಆ ಖಾತರಿ ಕೊಡುವುದಿಲ್ಲ. ರಾಜ್ಯಕ್ಕೆ ರಾಯಧನ ಬರುತ್ತದೆ. ಬೇಕಾದ ಕಚ್ಚಾತೈಲದ ಶೇ 85ಕ್ಕೂ ಹೆಚ್ಚನ್ನು ಹೊರದೇಶದಿಂದ ತರುವ ಭಾರತಕ್ಕೆ ಸ್ವಂತ ನೆಲದ ಪ್ರತಿ ಬ್ಯಾರೆಲ್ಲೂ ಲಾಭವೇ. ಅಷ್ಟಾದರೂ ಎಣ್ಣೆ ಹೋಗುವುದೆಲ್ಲಿಗೆ, ಉಳಿಯುವುದೇನು ಎಂಬ ಸಿಟ್ಟು ಇಲ್ಲಿ ಹಳೆಯದು. ಅಸ್ಸಾಂ ಚಳವಳಿಯ ದಿನಗಳಲ್ಲಿ ‘ತೇಜ್ ದಿಮ್, ತೇಲ್ ನಿದಿಯೂ’ ಎಂದು ಕೂಗಿ ಕೊಳವೆಗೆ ಅಡ್ಡ ಕೂತವರ ನಾಡಿದು. ರಕ್ತ ಕೊಟ್ಟೇವು, ಎಣ್ಣೆ ಕೊಡೆವು.

ನನ್ನ ತಕರಾರು ‘ಬಾವಿ ಇರುವುದು ಉದ್ಯಾನದ ಹೊರಗೆ’ ಎಂಬ ವಾದದ ಮೇಲೆ. ಉದ್ಯಾನದ ಅಡಿಯಲ್ಲಿ ಇನ್ನೂ ಏಳು ಬಾವಿ ಕೊರೆಯುವ ಯೋಜನೆಗೆ ಕೇಂದ್ರದ ಪರಿಸರ ಸಚಿವಾಲಯ ಅನುಮತಿ ಕೊಟ್ಟದ್ದು 2020ರ ಮೇ ತಿಂಗಳಲ್ಲಿ, ಸ್ಫೋಟಕ್ಕೆ ಕೆಲವೇ ದಿನ ಮೊದಲು. ವಿಧಾನ ಜಾಣತನದ್ದೇ: ಗಡಿಯಾಚೆಯ ಬಾವಿಯಿಂದ ನೇರ ಕೆಳಗಿಳಿದು, ಆಳದಲ್ಲಿ ಕೊಳವೆಯನ್ನು ಅಡ್ಡ ತಿರುಗಿಸಿ, ಕಿಲೋಮೀಟರುಗಟ್ಟಲೆ ದೂರದ ಎಣ್ಣೆ ಮುಟ್ಟುವುದು. ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ ಎನ್ನುತ್ತಾರೆ. ಒಪ್ಪೋಣ, ಎಲ್ಲವೂ ಸರಿಯಾಗಿ ನಡೆದರೆ. ಐದನೇ ನಂಬರಿನ ಬಾವಿಯೂ ಹೊರಗೇ ಇತ್ತಲ್ಲ? ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಯವರು ಆ ಜುಲೈನ ವರದಿಯಲ್ಲಿ ಸತ್ತ ಡಾಲ್ಫಿನ್ ಬಗ್ಗೆ, ನೀರಿಗೆ ಸೇರಿದ ಎಣ್ಣೆಯ ಬಗ್ಗೆ ಬರೆದು, ಹೊಸ ಬಾವಿಗಳನ್ನು ತಡೆಹಿಡಿಯಬೇಕೆಂದರು. ಜೀವವೈವಿಧ್ಯದ ಅಧ್ಯಯನ ಆಗಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಷರತ್ತು ಹಾಕಿತ್ತು. ಅದು ಪಾಲನೆಯಾಗಿಲ್ಲವೆಂಬ ದೂರಿನ ಮೇಲೆ 2020ರ ಡಿಸೆಂಬರಿನಲ್ಲಿ ಗುವಾಹಟಿ ಹೈಕೋರ್ಟ್ ಏಳು ಬಾವಿಗಳಿಗೆ ತಡೆ ಕೊಟ್ಟಿತು.

ಅದೇ ಡಿಸೆಂಬರಿನಲ್ಲಿ ತಿನ್‌ಸುಕಿಯಾದಲ್ಲಿ ಇನ್ನೊಂದು ಧರಣಿ ನಡೆದಿತ್ತು. ಲಾಯ್ಕಾ, ದಧಿಯಾ ಎಂಬ ಮಿಸಿಂಗ್ ಜನರ ಹಳ್ಳಿಗಳು 1999ರಲ್ಲಿ ಉದ್ಯಾನ ಘೋಷಣೆಯಾದಾಗ ಅದರೊಳಗೇ ಸಿಕ್ಕಿಕೊಂಡವು. ರಾಷ್ಟ್ರೀಯ ಉದ್ಯಾನದೊಳಗೆ ಊರು ಇರಬಾರದು, ಹಾಗಾಗಿ ರಸ್ತೆ, ಕರೆಂಟು, ಆಸ್ಪತ್ರೆ ಯಾವುದನ್ನೂ ಕೇಳುವಂತಿಲ್ಲ. ಬೇರೆಡೆ ಭೂಮಿ ಕೊಡಿ, ಹೋಗುತ್ತೇವೆ ಎಂದು ಅವರು ಚಳಿಯಲ್ಲಿ ಕೂತಿದ್ದರು. ಗಡಿಯ ಒಳಗೆ ಒಂದು ವಿದ್ಯುತ್ ಕಂಬಕ್ಕೂ ಇಷ್ಟು ಕಟ್ಟುನಿಟ್ಟಾದ ಕಾನೂನು, ಅದೇ ನೆಲದ ಅಡಿಗೆ ಏಳು ಕೊಳವೆ ಇಳಿಸುವಾಗ ಮಾತ್ರ ಅಷ್ಟು ಸಡಿಲವಾದದ್ದು ಹೇಗೆ?