ಬೆಲೆ ಏರಿದರೂ ತಟ್ಟೆ ಬರಿದಾಗದಿರಲಿ



ಸಂಘದ ಪುಸ್ತಕದಲ್ಲಿ ಉಳಿತಾಯ, ಸಾಲ, ಬಡ್ಡಿ, ಮರುಪಾವತಿ ಎಲ್ಲವನ್ನೂ ಬರೆದಿಡುತ್ತೇವೆ. ಆದರೆ ಮನೆಯಲ್ಲಿ ದುಡ್ಡು ಕಡಿಮೆಯಾದಾಗ ಯಾರು ಎಷ್ಟು ಕಡಿಮೆ ಉಂಡರು ಎಂಬುದನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಸಭೆಗಳಲ್ಲಿ ಕೇಳಿ ನೋಡಿದರೆ ಉತ್ತರ ಹೆಚ್ಚುಕಡಿಮೆ ಒಂದೇ. ಮೊದಲು ಹಾಲು ಕಡಿಮೆಯಾಗುತ್ತದೆ. ಆಮೇಲೆ ಮೊಟ್ಟೆ, ಬೇಳೆ. ಆಮೇಲೆ ತರಕಾರಿ. ಇರುವುದನ್ನು ಗಂಡನಿಗೆ, ಮಕ್ಕಳಿಗೆ, ಅತ್ತೆ ಮಾವನಿಗೆ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದ ಸಾರಿನಲ್ಲಿ ಮನೆಯ ಹೆಣ್ಣುಮಗಳು ಅರ್ಧ ಮುದ್ದೆ ಉಂಡು, "ನಂಗೆ ಹಸಿವಿಲ್ಲ ಬಿಡಿ" ಅಂತ ಎದ್ದುಬಿಡ್ತಾಳೆ.

ಇದು ತ್ಯಾಗ ಅಂತ ನಾವು ಹೊಗಳುತ್ತೇವೆ. ಆದರೆ ದೇಹಕ್ಕೆ ಹೊಗಳಿಕೆ ಸಾಲುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಇದೆ. 20 ಜನರ ಸಂಘಕ್ಕೆ ಈ ಲೆಕ್ಕ ಹಿಡಿದರೆ ಒಂಬತ್ತು, ಹತ್ತು ಜನ. ಮೆಟ್ಟಿಲು ಹತ್ತಿದರೆ ಏದುಸಿರು, ಕಳೆ ಕೀಳಲು ಬಗ್ಗಿದರೆ ತಲೆಸುತ್ತು. ಇದನ್ನು "ವಯಸ್ಸಾಯ್ತು" ಅಂತ ಸುಮ್ಮನಾಗುತ್ತೇವೆ. ಅದಕ್ಕೇ ಈ ಬಾರಿ ಕೈತೋಟ ಮತ್ತು ಮನೆ ಅಡುಗೆಯ ವಿಷಯವನ್ನು ಆರಿಸಿಕೊಂಡಿದ್ದೇವೆ.

ಕಾಲ ಕೈಕೊಟ್ಟಾಗ

ಕಷ್ಟಕಾಲ ಹೇಳಿ ಕೇಳಿ ಬರುವುದಿಲ್ಲ. 2019ರ ಡಿಸೆಂಬರಿನಲ್ಲಿ ಈರುಳ್ಳಿ ಕಿಲೋಗೆ 100 ರೂಪಾಯಿ ದಾಟಿತು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಸಂತೆ ನಿಂತಿತು, ಬಸ್ಸು ನಿಂತಿತು, ಗಾರ್ಮೆಂಟ್ಸ್ ಬಾಗಿಲು ಹಾಕಿದವು. ಸಂಬಳ ನಿಂತರೂ ಹಸಿವು ನಿಲ್ಲಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 220ಕ್ಕೂ ಹೆಚ್ಚನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅದೇ ವರ್ಷದ ಜುಲೈನಲ್ಲಿ ಟೊಮೆಟೊ ಸಹ 100 ರೂಪಾಯಿ ದಾಟಿತ್ತು.

ಇಂಥ ಹೊತ್ತಿನಲ್ಲಿ ಸಂತೆ ಖರ್ಚಿಗೂ ಸಾಲ ಮಾಡುವವರಿದ್ದಾರೆ. ಹಸು ಕೊಳ್ಳಲು, ಹೊಲಿಗೆ ಯಂತ್ರ ಕೊಳ್ಳಲು ಮಾಡಿದ ಸಾಲ ದುಡಿದು ತನ್ನನ್ನು ತಾನೇ ತೀರಿಸುತ್ತದೆ. ಊಟಕ್ಕೆ ಮಾಡಿದ ಸಾಲ ಹಾಗಲ್ಲ. ಊಟ ಅವತ್ತೇ ಮುಗಿಯುತ್ತದೆ, ಕಂತು ಮಾತ್ರ ಉಳಿಯುತ್ತದೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ 5,000 ರೂಪಾಯಿ ಕೈಸಾಲ ಮಾಡಿದರೆ ತಿಂಗಳಿಗೆ 150, ವರ್ಷಕ್ಕೆ 1,800 ರೂಪಾಯಿ ಬರೀ ಬಡ್ಡಿಗೆ ಹೋಗುತ್ತದೆ. ಅಸಲು ಹಾಗೇ ಇರುತ್ತದೆ. ಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತು ಎಂಬುದನ್ನು ನೀವೇ ಯೋಚಿಸಿ.

ಕೈತೋಟದಿಂದ ಆಗುವುದೇನು?

ಮೊದಲೇ ಹೇಳಿಬಿಡುತ್ತೇವೆ. ಕೈತೋಟದಿಂದ ಸಂಸಾರ ನಡೆಯುವುದಿಲ್ಲ. ಅಕ್ಕಿ, ರಾಗಿ, ಬೇಳೆ, ಎಣ್ಣೆ ಹಿತ್ತಲಲ್ಲಿ ಬೆಳೆಯಲಾಗುವುದಿಲ್ಲ. ಆದರೆ ಸೊಪ್ಪು, ಕಾಯಿಪಲ್ಯ, ಹಣ್ಣು ಬೆಳೆಯಬಹುದು. ದುಡ್ಡಿಲ್ಲದಾಗ ತಟ್ಟೆಯಿಂದ ಮಾಯವಾಗುವುದೂ ಇವೇ ತಾನೇ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ದೊಡ್ಡವರೊಬ್ಬರು ದಿನಕ್ಕೆ ಸುಮಾರು 400 ಗ್ರಾಂ ಸೊಪ್ಪು ತರಕಾರಿ ತಿನ್ನಬೇಕು ಎಂದಿದೆ. ನಾಲ್ಕು ಜನರ ಮನೆಗೆ ಒಂದೂವರೆ ಕಿಲೋಗಿಂತ ಹೆಚ್ಚಾಯಿತು. ದಿನಾ ಅಷ್ಟನ್ನು ದುಡ್ಡು ಕೊಟ್ಟು ತರುವ ಶಕ್ತಿ ಎಷ್ಟು ಮನೆಗಳಿಗಿದೆ?

ವಾರಕ್ಕೆ 100 ರೂಪಾಯಿಯ ತರಕಾರಿ ಹಿತ್ತಲಿಂದ ಬಂತು ಎನ್ನೋಣ. ಬೇಸಿಗೆಯ ತಿಂಗಳುಗಳನ್ನು ಬಿಟ್ಟು ವರ್ಷಕ್ಕೆ 36 ವಾರ ಹಿಡಿದರೂ 3,600 ರೂಪಾಯಿ ಆಯಿತು. ಈ ದುಡ್ಡನ್ನು ಬೇರೆ ಕಡೆಗೆ ತಿರುಗಿಸಬೇಡಿ. ಅದರಲ್ಲಿ ಬೇಳೆ, ಕಾಳು, ಮೊಟ್ಟೆ ಬರಲಿ. ಹಿತ್ತಲು ಸೊಪ್ಪು ಕೊಟ್ಟರೆ ಪರ್ಸು ಬೇಳೆ ಕೊಡುತ್ತದೆ. ಎರಡೂ ಸೇರಿದರೇ ಊಟ ಪೂರ್ತಿ.

"ಜಾಗ ಇಲ್ಲ, ನೀರಿಲ್ಲ, ಪುರುಸೊತ್ತಿಲ್ಲ"

ಈ ಮೂರೂ ಮಾತನ್ನು ಪ್ರತಿ ಸಭೆಯಲ್ಲಿ ಕೇಳುತ್ತೇವೆ. ಮೂರೂ ಸುಳ್ಳಲ್ಲ.

ಜಾಗ: ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ ಇದ್ದರೆ ಸಾಕು. ಅದೂ ಇಲ್ಲದವರು ಸಿಮೆಂಟ್ ಚೀಲ, ಒಡೆದ ಬಕೆಟ್, ಎಣ್ಣೆ ಡಬ್ಬದ ತಳಕ್ಕೆ ತೂತು ಮಾಡಿ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ. ಚೀಲವನ್ನು ಮೊದಲು ಚೆನ್ನಾಗಿ ಒದರಿ ತೊಳೆದುಕೊಳ್ಳಿ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಕಡೆ ಇಡಿ.

ನೀರು: ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಸೊಪ್ಪಿನ ಪಾತಿಗೆ ಹಾಕಿ. ಬಚ್ಚಲ ನೀರಿನಲ್ಲಿ ಸೋಪು ಇರುವುದರಿಂದ ಸೊಪ್ಪಿಗೆ ಬೇಡ, ಬಾಳೆ ಬುಡಕ್ಕೆ ಹರಿಸಿ. ಪಾತಿಯ ಮೇಲೆ ಒಣ ಎಲೆ, ಹುಲ್ಲು ಹೊದಿಸಿದರೆ ತೇವ ಬೇಗ ಆರುವುದಿಲ್ಲ.

ಪುರುಸೊತ್ತು: ಕೂಲಿಗೂ ಹೋಗಿ, ಮನೆಯನ್ನೂ ನೋಡಿ, ಇದೂ ನಮ್ಮ ತಲೆಗೇನಾ ಅಂತ ಕೇಳುವವರ ಮಾತು ನ್ಯಾಯ. ಕೈತೋಟ ಹೆಂಗಸರ ತಲೆಗೆ ಇನ್ನೊಂದು ಹೊರೆ ಆಗಬಾರದು. ಉಣ್ಣುವವರೆಲ್ಲ ದುಡಿಯಲಿ. ಅಗೆಯುವುದು ಗಂಡಸರ ಕೆಲಸವಾಗಲಿ, ನೀರು ಹಾಕುವುದು ಶಾಲೆಯಿಂದ ಬಂದ ಮಕ್ಕಳ ಕೆಲಸವಾಗಲಿ. ಗಂಡುಮಗನಾದರೂ ಸರಿ, ಹೆಣ್ಣುಮಗಳಾದರೂ ಸರಿ. ಸೊಪ್ಪು ಬಿಡಿಸುವಾಗ ಅತ್ತೆಯನ್ನೂ ಜೊತೆಗೆ ಕೂರಿಸಿಕೊಳ್ಳಿ. ಯಾವ ಸೊಪ್ಪು ಯಾವ ಕಾಲಕ್ಕೆ ಎನ್ನುವುದು ಅವರಿಗೆ ಗೊತ್ತಿರುತ್ತದೆ.

ಏನು, ಹೇಗೆ ಬಿತ್ತುವುದು?

1. ಜಾಗವನ್ನು ನಾಲ್ಕು ಪಾತಿ ಮಾಡಿ. ಒಟ್ಟಿಗೇ ಬಿತ್ತಬೇಡಿ. ವಾರಕ್ಕೊಂದು ಪಾತಿಯಂತೆ ಬಿತ್ತಿ. ದಂಟು, ಮೆಂತ್ಯ 25-30 ದಿನಕ್ಕೆ ಕೊಯ್ಲಿಗೆ ಬರುತ್ತವೆ. ನಾಲ್ಕನೇ ಪಾತಿ ಬಿತ್ತಿದ ಮುಂದಿನ ವಾರ ಮೊದಲನೇ ಪಾತಿ ಕೊಯ್ಯಬಹುದು. ಕೊಯ್ದ ಪಾತಿಗೆ ಗೊಬ್ಬರ ಕೊಟ್ಟು ಬೇರೆ ಸೊಪ್ಪು ಬಿತ್ತಿ. ಹೀಗೆ ವಾರ ವಾರವೂ ಸೊಪ್ಪು ಸಿಗುತ್ತದೆ.

2. ದಂಟಿನ ಬೀಜ ಬಹಳ ಸಣ್ಣದು. ಒಣ ಮರಳಿನ ಜೊತೆ ಬೆರೆಸಿ ಚೆಲ್ಲಿದರೆ ಒಂದೇ ಕಡೆ ದಟ್ಟವಾಗುವುದಿಲ್ಲ. ಮೆಂತ್ಯಕ್ಕೆ ಅಡುಗೆಮನೆಯ ಡಬ್ಬಿಯ ಕಾಳೇ ಸಾಕು, ಒಂದು ರಾತ್ರಿ ನೆನೆಸಿ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು.

3. ಬೇಲಿಗುಂಟ ಹೀರೆ, ಸೋರೆ, ಅವರೆ, ಕುಂಬಳದ ಬಳ್ಳಿ ಹಬ್ಬಿಸಿ. ಬಲಿತ ಸಿಹಿಗುಂಬಳವನ್ನು ಕೊಯ್ಯದೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

4. ಒಂದು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ ಇರಲಿ. ಮಳೆ ಶುರುವಾದಾಗ ನುಗ್ಗೆಯ ಮೂರಡಿ ಕೊಂಬೆ ಕಡಿದು ನೆಟ್ಟರೂ ಚಿಗುರುತ್ತದೆ. ಪಪ್ಪಾಯ ಬೀಜದಿಂದ ಬೆಳೆಸುವವರು ಒಂದು ಗುಂಡಿಗೆ ಮೂರು ಸಸಿ ಇಟ್ಟು, ಹೂ ಬಂದಾಗ ಗಂಡು ಗಿಡ ತೆಗೆದುಹಾಕಿ.

5. ಹುಳ ಬಿದ್ದರೆ ಅಂಗಡಿಗೆ ಓಡಬೇಡಿ. 50 ಗ್ರಾಂ ಬೇವಿನ ಬೀಜ ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕರಗಿಸಿ ಸಂಜೆ ಹೊತ್ತು ಸಿಂಪಡಿಸಿ. ದಿನಾ ತಿನ್ನುವ ಸೊಪ್ಪಿಗೆ ವಿಷ ಹೊಡೆದರೆ ಬೆಳೆದೂ ಪ್ರಯೋಜನವಿಲ್ಲ.

ತೋಟಕ್ಕೆ ಅಂತ ಬಣ್ಣಬಣ್ಣದ ಕುಂಡ, ದುಬಾರಿ ಗೊಬ್ಬರ ಕೊಳ್ಳಲು ಹೋಗಬೇಡಿ. ಉಳಿಸಲು ಹೊರಟು ಖರ್ಚು ಮಾಡಿದಂತಾಗುತ್ತದೆ. ಸಿಪ್ಪೆ, ಕಸಕಡ್ಡಿ, ಸಗಣಿ ಒಂದು ಗುಂಡಿಯಲ್ಲಿ ಕೊಳೆತರೆ ಅದೇ ಗೊಬ್ಬರ.

ಒಲೆ ಮುಂದಿನ ಲೆಕ್ಕ

ನಮ್ಮ ಮೈಸೂರು, ಮಂಡ್ಯ ಕಡೆಯ ಬಸ್ಸಾರು ಇದೆಯಲ್ಲ, ಕಷ್ಟಕಾಲದ ಅಡುಗೆಗೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ. ಕಾಳು, ಸೊಪ್ಪು ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಉರಿಯಲ್ಲಿ ಎರಡು ಅಡುಗೆ. ಬೇಯಿಸಿದ ನೀರಿಗೆ ಇಳಿದ ಸತ್ವವೂ ಚರಂಡಿಗೆ ಹೋಗುವುದಿಲ್ಲ. ಮಸ್ಸೊಪ್ಪು, ಉಪ್ಸಾರು ಕೂಡ ಹೀಗೇ. ಇವನ್ನು ಬಡವರ ಊಟ ಅಂತ ನೆಂಟರು ಬಂದಾಗ ಮುಚ್ಚಿಡುವವರಿದ್ದಾರೆ. ನಾಚಿಕೆ ಬೇಡ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಟೊಮೆಟೊ ದುಬಾರಿಯಾದಾಗ ಸಾರಿಗೆ ಬೇಕಾದ್ದು ಹುಳಿ ತಾನೇ? ಹುಣಸೆ, ನಿಂಬೆ, ಮಾವಿನಕಾಯಿ ಯಾವುದಾದರೂ ಆದೀತು. ಹೀರೆಕಾಯಿ ಸಿಪ್ಪೆಯಿಂದ ಚಟ್ನಿಯಾಗುತ್ತದೆ. ಹುರುಳಿಯನ್ನು ನೆನೆಸಿ ಮೊಳಕೆ ಬರಿಸಿದರೆ ಬೇಗ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ. ಸೊಪ್ಪನ್ನು ತೊಳೆದು ಹೆಚ್ಚಿ, ಹೆಚ್ಚಿ ತೊಳೆಯಬೇಡಿ.

ರಾಗಿಯನ್ನು ಬಿಡಬೇಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು ಅಷ್ಟೇ. ಹಾಲು ಕಡಿಮೆಯಾದ ಮನೆಯಲ್ಲಿ ಒಂದು ಹೊತ್ತಾದರೂ ಮುದ್ದೆ, ರೊಟ್ಟಿ ಇಲ್ಲವೇ ಅಂಬಲಿ ಇರಲಿ.

ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಜೊತೆಗೆ ನಿಂಬೆರಸ, ಸೀಬೆಹಣ್ಣು, ನೆಲ್ಲಿಕಾಯಿಯಂಥದ್ದು ಬೇಕು. ಊಟ ಮಾಡಿದ ತಕ್ಷಣ ಕಾಫಿ, ಟೀ ಕುಡಿದರೆ ಆ ಕಬ್ಬಿಣಾಂಶ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಒಂದು ಗಂಟೆಯಾದರೂ ಬಿಡಿ. ಇನ್ನೊಂದು ಮಾತು: ರಕ್ತಹೀನತೆ ಇರುವವರಿಗೆ ಸೊಪ್ಪೊಂದೇ ಸಾಲದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ, ಗರ್ಭಿಣಿಯರಿಗೆ 11ಕ್ಕಿಂತ ಕಡಿಮೆ ಇದ್ದರೆ ವೈದ್ಯರು ಹೇಳಿದಂತೆ ಮಾತ್ರೆ ನುಂಗಲೇಬೇಕು.

ಬಡಿಸುವ ಕೈ ತನಗೂ ಬಡಿಸಲಿ

ಇಷ್ಟೆಲ್ಲ ಬೆಳೆದು, ಬೇಯಿಸಿ, ಕೊನೆಗೆ ಹೆಣ್ಣುಮಗಳ ತಟ್ಟೆಗೆ ಮತ್ತೆ ತಳದ ಸಾರೇ ಬಂದರೆ ಏನು ಬಂತು? ಆದ್ದರಿಂದ ಒಂದು ಪದ್ಧತಿ ಶುರುಮಾಡಿ. ದಿನಕ್ಕೆ ಒಂದು ಹೊತ್ತಾದರೂ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಿ. ಬಡಿಸುವ ಮೊದಲೇ ನಿಮ್ಮ ಪಾಲಿನ ಪಲ್ಯ, ಮೊಟ್ಟೆ ತಟ್ಟೆಗೆ ಹಾಕಿಡಿ. ಮಗನಿಗೆ ಹಾಕಿದಷ್ಟೇ ಮಗಳಿಗೂ ಹಾಕಿ. ಇದು ಸ್ವಾರ್ಥ ಅಲ್ಲ. ತಾಯಿ ಮಲಗಿದರೆ ಮನೆಯೇ ಮಲಗುತ್ತದೆ, ಆಸ್ಪತ್ರೆಯ ಬಿಲ್ಲಿಗೆ ಮತ್ತೆ ಸಾಲ ಹುಟ್ಟುತ್ತದೆ.

ಸಂಘದಲ್ಲಿ ಮಾಡಬಹುದಾದ್ದು

ಒಬ್ಬರೇ ಮಾಡಿದರೆ ಎರಡು ತಿಂಗಳಿಗೆ ಕೈಬಿಡುತ್ತೇವೆ. ಸಂಘದಲ್ಲಿ ಮಾಡಿದರೆ ಉಳಿಯುತ್ತದೆ. ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಂಡು ಠರಾವು ಪುಸ್ತಕದಲ್ಲಿ ಬರೆಯಿರಿ. ಪ್ರತಿಯೊಬ್ಬರೂ ಒಂದು ಹಿಡಿ ನಾಟಿ ಬೀಜ ತನ್ನಿ. ಒಣಗಿಸಿ, ಬೂದಿ ಬೆರೆಸಿ ಬಾಟಲಿಯಲ್ಲಿ ಹಾಕಿ, ಬೀಜದ ಹೆಸರು, ತಿಂಗಳು ಬರೆದು ಅಂಟಿಸಿ. ಒಂದು ಹಿಡಿ ಒಯ್ದವರು ಸುಗ್ಗಿಗೆ ಎರಡು ಹಿಡಿ ಹಿಂದಿರುಗಿಸಲಿ. ಸಾಲಕ್ಕೆ ಲೆಡ್ಜರ್ ಇಟ್ಟ ಹಾಗೆ ಇದಕ್ಕೂ ಒಂದು ಪುಟ ಇರಲಿ. ಹೆಚ್ಚಾದ ಸೊಪ್ಪನ್ನು ಬಾಣಂತಿ, ವಯಸ್ಸಾದವರು, ಒಂಟಿಯಾಗಿರುವವರ ಮನೆಗೆ ಕೊಟ್ಟು ಬನ್ನಿ. ಯಾವ ಮನೆಯಲ್ಲಿ ಒಲೆ ಸರಿಯಾಗಿ ಉರಿಯುತ್ತಿಲ್ಲ ಎಂಬುದು ಹಾಗೆ ಹೋದಾಗಲೇ ಗೊತ್ತಾಗುವುದು.

ಸಭೆ ಮುಗಿಸಿ ಏಳುವ ಮುನ್ನ ಒಬ್ಬರನ್ನೊಬ್ಬರು ಒಂದು ಮಾತು ಕೇಳಿ: "ಅಕ್ಕಾ, ನಿನ್ನೆ ರಾತ್ರಿ ನೀವೇನು ಉಂಡ್ರಿ?" ಮನೆಯವರಿಗೆ ಏನು ಬಡಿಸಿದ್ರಿ ಅಂತಲ್ಲ, ನೀವೇನು ಉಂಡ್ರಿ ಅಂತ. ಈ ಪ್ರಶ್ನೆಗೆ ಪ್ರತಿ ಸಹೋದರಿಯೂ ತಲೆಯೆತ್ತಿ ಉತ್ತರ ಕೊಡುವಂತಾದರೆ ನಮ್ಮ ಸಂಘದ ಉಳಿತಾಯ ಸಾರ್ಥಕ. ದೇವರು ನಿಮ್ಮ ಹಿತ್ತಲನ್ನೂ ಒಲೆಯನ್ನೂ ಆಶೀರ್ವದಿಸಲಿ.